ಉಸಿರುಕೊಳವೆ

ಸಿಡಿದಿರಬೇಕು ಎಂದಳು ಫೋನಿನಲ್ಲಿ ಅಟ್ರಾಕ್ಟಾ ಮೆಕ್‌ಗ್ಯಾರಿ.
ಬಾಂಬಿನ ಹಾಗೆಯೇ, ಎಂದೆ.
"ಅಲ್ಲ ಡರ್ವ್ಲಾ, ಬಿಸ್ಕತ್ತಿನ ಡಬ್ಬದ ಮೇಲೆ
ಯಾರೋ ಕಾಲಿಟ್ಟ ಹಾಗೆ.
ಆಮೇಲೆ ಇನ್ನೊಂದು ಕಾಲು."

ಡ್ರಮ್‌ಶಾನ್ಬೋದಿಂದ ಮೂರು ಮೈಲಿ, ಮೊದಲ ಗೇರಿನಲ್ಲೇ.
ರಸ್ತೆಯೆಲ್ಲ ಗಾಜು. ಲಾಕ್ ಅಲೆನ್ ಸರೋವರದ ಅಂಚು
ಬಿಳಿ ತೊಗಲು ಕಟ್ಟಿ,
ಎರಡು ಹಂಸಗಳು ಅದರ ಮೇಲೆ ನಡೆಯಲು ಕಲಿಯುತ್ತಿದ್ದವು.

ಮೆಟ್ಟಿಲು ಮುಗಿದಲ್ಲಿ ಬಟ್ಟೆ ಬೆಚ್ಚಗಿಡುವ ಕಪಾಟು.
ಟವೆಲ್ಲು, ಹೊದಿಕೆ, ಮಡಿಚಿಟ್ಟ ಒಳಲಂಗಗಳ ನಡುವೆ
ಕೆಂಪು ಕೋಟು ತೊಟ್ಟ ಬಿಸಿನೀರಿನ ಹಂಡೆ
ಹೊಟ್ಟೆಗೆ ಗುದ್ದು ತಿಂದವನಂತೆ ಸೊಂಟದಲ್ಲೇ ಮಡಿಚಿಕೊಂಡು ನಿಂತಿತ್ತು.
ಒಂದು ಹನಿ ಸೋರಿರಲಿಲ್ಲ.

"ಯಾರು ಹೊಡೆದರು?" ಅವಳ ತಮ್ಮ ಫೇಲಿಮ್ ಬಾಗಿಲಲ್ಲೇ ನಿಂತು
ನನ್ನನ್ನಲ್ಲ, ಹಂಡೆಯನ್ನೇ ಕೇಳಿದ.

ಹಂಡೆಗಳು ಸಾಯುವ ಬಗೆ ಹಲವು.
ಕೆಲವು ಸೂಜಿಮೊನೆಯಷ್ಟು ತೂತಿನಿಂದ ವರ್ಷಗಟ್ಟಲೆ ಅತ್ತು ಸಾಯುತ್ತವೆ.
ಕೆಲವು ಸುಣ್ಣ ಕಟ್ಟಿ, ಕಲ್ಲು ನುಂಗಿದ ಹಸುವಿನಂತೆ ನರಳಿ.
ಹೀಗೆ ನಿಂತ ನಿಲುವಿನಲ್ಲಿ ಒಳಕ್ಕೆ ಸಾಯುವುದನ್ನು
ಹದಿನಾರು ವರ್ಷದ ಕೆಲಸದಲ್ಲಿ ನಾನು ನೋಡಿದ್ದು ಎರಡನೆಯ ಸಲ.

ಟಾರ್ಚು ಹಲ್ಲಲ್ಲಿ ಕಚ್ಚಿ ಅಟ್ಟ ಹತ್ತಿದೆ.
ಸರ್ಕಾರದ ದುಡ್ಡಲ್ಲಿ ಹಾಸಿದ ದಪ್ಪ ಉಣ್ಣೆ
ಕೆಳಗಿನ ಬಿಸಿಯನ್ನು ಕೆಳಗೇ ಇಟ್ಟುಕೊಂಡು
ಅಟ್ಟವನ್ನು ಹಿಮಕ್ಕೆ ಒಪ್ಪಿಸಿಬಿಟ್ಟಿತ್ತು.
ತೊಟ್ಟಿಯ ನೀರು ತೇಲುಚೆಂಡನ್ನು ಹಿಡಿದುಕೊಂಡೇ ಕಲ್ಲಾಗಿತ್ತು.
ಅದರ ಮೇಲೆ ಕೊಡೆಯ ಹಿಡಿಯಂತೆ ಬಾಗಿದ ಉಸಿರುಕೊಳವೆ,
ಕೊಳವೆಯ ಬಾಯಲ್ಲಿ
ಒಂದು ಕಾಲುಚೀಲ.
ಬೂದು ಬಣ್ಣ, ಹಿಮ್ಮಡಿಗೆ ಬೇರೆ ದಾರದ ಹೊಲಿಗೆ.

"ರಾತ್ರಿಯಿಡೀ ಗೊಳಗೊಳ ಅನ್ನುತ್ತಿತ್ತು," ಕೆಳಗಿಂದ ಫೇಲಿಮ್.
"ಅಕ್ಕನದು ತೆಳು ನಿದ್ದೆ. ಅದಕ್ಕೇ ನವೆಂಬರಿನಲ್ಲಿ..."
"ನನ್ನ ನಿದ್ದೆಯನ್ನು ನಡುವೆ ತರಬೇಡ," ಎಂದಳು ಅವಳು.

ನಿನ್ನೆ ರೇಡಿಯೋ ಹೇಳಿತಂತೆ, ಕೊಳವೆ ಒಡೆಯುವ ಮೊದಲು ನೀರು ಖಾಲಿ ಮಾಡಿ ಎಂದು.
ಹೇಳಿದ್ದನ್ನು ಮಾಡುವ ಮನುಷ್ಯ, ಮಾಡಿದ.
ಹಂಡೆಯ ಬುಡಕ್ಕೆ ತೋಟದ ಪೈಪು ಸಿಕ್ಕಿಸಿ, ಮೆಟ್ಟಿಲಿಳಿಸಿ,
ಅಡುಗೆಮನೆ ದಾಟಿಸಿ ಅಂಗಳಕ್ಕೆ ಬಿಟ್ಟು,
ತಿರುಪು ತಿರುಗಿಸಿ, ಚಹಾ ಕುಡಿಯಲು ಕೂತ.

ಲೆಕ್ಕ ಇಷ್ಟೇ, ಫೇಲಿಮ್.
ನೀರು ಇಳಿಯಿತು. ಅದರ ಜಾಗಕ್ಕೆ ನೀರು ಬರಲಿಲ್ಲ, ಮಂಜುಗಡ್ಡೆ.
ಗಾಳಿಯಾದರೂ ಬರಲಿಲ್ಲ, ಕಾಲುಚೀಲ.
ಹೋಗುವ ನೀರಿಗೆ ತಿರುಗಿ ನೋಡುವ ಚಾಳಿಯಿಲ್ಲ,
ಎಳೆಯುತ್ತಲೇ ಹೋಯಿತು.
ತಾಮ್ರ ಅಂದರೆ ಗಟ್ಟಿ ಅಂದುಕೊಂಡೆ. ಈ ಗೋಡೆ ಉಗುರಿಗಿಂತ ಸ್ವಲ್ಪ ದಪ್ಪ.
ಒಳಗಿಂದ ತಳ್ಳಿದರೆ ತಾಳುತ್ತದೆ, ಅದಕ್ಕೆಂದೇ ದುಂಡಗೆ ಮಾಡಿದ್ದು.
ಹೊರಗಿಂದಲೂ ತಳ್ಳುವವರಿದ್ದಾರೆಂದು
ಅದಕ್ಕೆ ಯಾರೂ ಹೇಳಿರಲಿಲ್ಲ.

ಹೊಡೆದದ್ದು ಈ ಕಪಾಟಿನ ಗಾಳಿ.
ನಿನ್ನ ಅಂಗಿಯ ತೋಳು ಒಣಗಿಸುವ, ಸಾಬೂನು ನಾರುವ,
ನಾವು ಮೂವರೂ ಈಗ ಎಳೆದುಕೊಳ್ಳುತ್ತಿರುವ ಇದೇ ಗಾಳಿ.
ಹೊಡೆಯಲೂ ಇಲ್ಲ, ಸುಮ್ಮನೆ ಒರಗಿತು, ದಿನಾ ಒರಗುವ ಹಾಗೆ.
ಒಳಗಿನಿಂದ ಆತುಕೊಳ್ಳುವವರು ನಿನ್ನೆ ಇರಲಿಲ್ಲ.

"ಏನು ಮಾಡಬೇಕಿತ್ತು ಹಾಗಾದರೆ?"
ಮಹಡಿಯ ಬಿಸಿನೀರಿನ ನಲ್ಲಿ. ಅರ್ಧ ತಿರುವು. ಅಷ್ಟೇ.

ಅವನು ಬಚ್ಚಲಿಗೆ ಹೋಗಿ ತಿರುಗಿಸಿದ, ಈಗ.
ಮುಳುಗಿ ಎದ್ದವನಂತೆ ಕೊಳವೆ ಉದ್ದಕ್ಕೆ ಉಸಿರೆಳೆಯಿತು.
ಹಂಡೆ ಒಂದು ಪಕ್ಕದಲ್ಲಿ ಟಣ್ ಎಂದು
ಹೆಬ್ಬೆರಳಿನಷ್ಟು ಉಬ್ಬಿ, ಮತ್ತೆ ಸುಮ್ಮನಾಯಿತು.

ಇಬ್ಬರೂ ಹಿಡಿದು ವ್ಯಾನಿಗೆ ಹಾಕಿದೆವು.
ಗುಜರಿಯವನು ತೂಕ ಕೇಳುತ್ತಾನೆ, ಆಕಾರ ಕೇಳುವುದಿಲ್ಲ.
ಕಾಲುಚೀಲ ಅಟ್ರಾಕ್ಟಾಳ ಕೈ ಸೇರಿತು.
"ಇದರ ಜೋಡಿಯನ್ನು ಎರಡು ಸಲ ಬಿಸಾಡಲು ಹೊರಟಿದ್ದೆ," ಎನ್ನುತ್ತ
ಒಲೆಯ ಮೇಲಿನ ಸರಳಿಗೆ ನೇತುಹಾಕಿದಳು.
ಟಪ್. ಚುರ್. ಟಪ್.

ವಿಮೆಯ ಕಾಗದ ಮೇಜಿನ ಮೇಲಿಟ್ಟು ಕೇಳಿದೆ,
ಕಾರಣ ಅನ್ನುವ ಕಡೆ ಏನು ಬರೆಯಲಿ?

"ಹಿಮ," ಎಂದಳು,
ತಮ್ಮನ ಕಡೆ ನೋಡದೆ.
"ಹಿಮ ಅಂತ ಬರೆ."