ಒಂಬತ್ತನೆಯ ಹೆಸರು

ಫಾದರ್ ಬರೆದುಕೊಟ್ಟ ಚೀಟಿಯಲ್ಲಿ
ಒಂಬತ್ತನೆಯ ಹೆಸರು ಪಿಯಾದ್ ಬಾಯಿಯದು.
ಎಂಟು ಮನೆ ಸುತ್ತಿ ಬಂದೆ
ನನ್ನದೇ ಬೇಲಿಯ ಆಚೆಗೆ.
ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ
ಕಾಳಿಯನ್ನು ನೋಡುತ್ತ ನಿಂತೆ, ಸುಮ್ಮನೆ.
ಇಳಿತದ ಹೊತ್ತು. ಕೆಸರಲ್ಲಿ ಕೊಕ್ಕರೆ.
ಆಚೆ ದಡದಲ್ಲಿ ಸದಾಶಿವಗಡ.

ಕೊರಳಲ್ಲಿ ಪುಟ್ಟ ಕರಡಿಗೆ,
ಒಳಗೆ ಉಳಿದದ್ದು ಒಂದೇ ರೊಟ್ಟಿ,
ಮೀನಿನ ಪೊರೆಯಷ್ಟು ತೆಳು.

ಏಳು ವರ್ಷ ಮಾತಿಲ್ಲ ನಮಗೆ.
ಬೇಲಿಗೆ ವಾಲಿದ ಒಂದು ತೆಂಗಿನ ಮರ,
ಬಿದ್ದ ಕಾಯಿ ಯಾರದೆಂಬ ಲೆಕ್ಕ,
ಆಮೇಲೆ ಬಾವಿಕಟ್ಟೆಯಲ್ಲಿ
ಸತ್ತ ನನ್ನ ಗಂಡನ ಕುಡಿತದ ಬಗ್ಗೆ
ಅವಳಾಡಿದ ಒಂದು ಮಾತು.
ಮರವನ್ನು ಚಂಡಮಾರುತ ಒಯ್ದಿತು.
ಮಾತು ನಿಂತೇ ಇದೆ
ತಿಂಗಳಿಗೊಂದು ಹೆಡೆ ಬಿಡುತ್ತ.

ದಿನಾ ಈ ಬಾಗಿಲಲ್ಲಿ
ಹರಿಕಂತ್ರರ ಶೇವಂತಿಯ ಬುಟ್ಟಿ ಕಂಡಿದ್ದೆ,
ಹಾಸಿಗೆ ಹಿಡಿದವಳಿಗೆ ಅಷ್ಟೊಂದು ಮೀನು ಯಾಕೋ
ಎಂದುಕೊಂಡಿದ್ದೆ.

ಒಳಗೆ ಶೇವಂತಿ
ಸೀರೆ ಮೊಣಕಾಲಿಗೆ ಕಟ್ಟಿ, ಬಕೆಟ್ಟಿನ ಮುಂದೆ.
'ಬಂದ್ರಾ, ಒಳ್ಳೇದಾಯ್ತು.
ಈ ಕಾಲು ಸ್ವಲ್ಪ ಎತ್ತಿ ಹಿಡೀರಿ.'
ನಾನು ಕೊರಳ ಕರಡಿಗೆ ತೋರಿಸಿದೆ.
'ದೇವ್ರಾ? ಇರ್ಲಿ, ಅವ್ರೂ ನೋಡ್ಲಿ ಬಿಡಿ.'

ಕೊಬ್ಬರಿ ಎಣ್ಣೆಯ ಬಾಟಲಿ ಸರಿಸಿ
ದೇವರನ್ನು ಗೂಡಿನಲ್ಲಿಟ್ಟೆ.

ಸಂಜೆ ಇಗರ್ಜಿಯಲ್ಲಿ
ಹನ್ನೆರಡು ಮಂದಿ ಸಾಲಾಗಿ ಕೂರುತ್ತಾರೆ,
ಮನೆಯಲ್ಲೇ ಉಜ್ಜಿ, ಉಗುರು ತೆಗೆದು ತಂದ ಕಾಲು;
ಫಾದರ್ ಒರೆಸಿದ ಟವೆಲಿಗೆ ಒಂದು ಕಲೆಯೂ ಹತ್ತುವುದಿಲ್ಲ.
ಇಲ್ಲಿ ನೀರು ಮೂರು ಸಲ ಬದಲಾಯಿತು.
ಹಿಮ್ಮಡಿಯ ಬಿರುಕು, ಬೆನ್ನಿನ ಹುಣ್ಣು,
ಹೇಳಬಾರದ ವಾಸನೆ, ಕೆಂಪು ಸೋಪು.
ಎಡಗಾಲ ಹೆಬ್ಬೆರಳ ಕೆಳಗೆ
ಉದ್ದಕ್ಕೊಂದು ಹಳೆಯ ಗಾಯದ ಗುರುತು.

ಅದು ನನಗೆ ಗೊತ್ತು.
ಗಂಡ ಉಸಿರು ಎಳೆಯುತ್ತಿದ್ದ ರಾತ್ರಿ
ರಿಕ್ಷಾ ತರಲು ಬರಿಗಾಲಲ್ಲಿ ಓಡಿದವಳು
ಇವಳೇ.
ಗಾಜು ಹೊಕ್ಕಿದ್ದನ್ನು ಬೆಳಗಾದ ಮೇಲೆ ನೋಡಿಕೊಂಡಿದ್ದಳು.
ಲೆಕ್ಕ ಬರೆದಿಡುವಾಗ
ನಾನು ಇದನ್ನು ಎಲ್ಲಿ ಬಿಟ್ಟೆ?

ರೊಟ್ಟಿ ಇಡಿಯಾಗಿ ನುಂಗಲಾರಳು.
ಮುರಿದೆ, ಮತ್ತೆ ಮುರಿದೆ.
'ಕ್ರಿಸ್ತನ ಶರೀರ' ಎಂದೆ.
ಆಮೆನ್ ಎನ್ನಲು ತುಟಿ ಅಲುಗಿತು, ಅಷ್ಟೇ.
ಶೇವಂತಿ ಒಂದು ಚಮಚ ಗಂಜಿನೀರು ಹಾಕಿ
ಗಂಟಲು ಸವರಿದಳು, ಕೂಸಿಗೆ ಸವರುವಂತೆ.
ಉಳಿದ ಚೂರು ನಾನು ತಿನ್ನಬೇಕು, ನಿಯಮ.
ತಿಂದೆ,
ಸೋಪು ಇನ್ನೂ ಘಮಿಸುವ ಬೆರಳಿಂದ.

ಬಹಳ ಹೊತ್ತಿನ ಮೇಲೆ ಪಿಯಾದ್ ಬಾಯಿ ಕಣ್ಣು ತೆರೆದಳು.
'ಕೋಣ್?'
'ನಾನು, ರೊಜಾಲಿನ್.'
ಮಾಡು ನೋಡಿದಳು, ನನ್ನನ್ನು ನೋಡಿದಳು.
'ಮರ ಹೋಯ್ತಲ್ಲ,' ಎಂದಳು.
'ಹೋಯ್ತು,' ಎಂದೆ.
ಕ್ಷಮೆ ಅವಳೂ ಕೇಳಲಿಲ್ಲ, ನಾನೂ.

ಕೊಳೆನೀರನ್ನು
ಮರದ ಬುಡವಿದ್ದ ಹೊಂಡಕ್ಕೆ ಚೆಲ್ಲಿ ಬಂದೆ.
ಶೇವಂತಿ ಬುಟ್ಟಿ ತಲೆಗೇರಿಸುತ್ತಿದ್ದಳು.
'ನಾಳೆ ನಿಮ್ಮ ಉಪವಾಸದ ಶುಕ್ರವಾರ,
ಮೀನಿಗೆ ಗಿರಾಕಿ ಜಾಸ್ತಿ, ನಂಗೆ ತಡ ಆಗ್ತದೆ.
ನೀರು ನೀವು ಕಾಯಿಸ್ತೀರಾ?'

ಎಷ್ಟು ಬಿಸಿ ಇರಬೇಕು
ಎಂದು ಕೇಳಿದೆ.