ಚಿಮಿಣಿ ಬುಡದ ಗೋಳಿ

ಮುಚ್ಚಿದ ಹಂಚಿನ ಕಾರ್ಖಾನೆ. ಚಿಮಿಣಿ ಬುಡದ ಬಿರುಕಲ್ಲಿ
ಮೊಣಕೈಯುದ್ದದ ಗೋಳಿ, ಸೊಂಟ ಮಾತ್ರ ಮುದುಕನದು.
“ಹಕ್ಕಿ ಹೇತದ್ದು ಮಾರ್ರೆ, ಕೊಂಡುಹೋಗಿ,”
ಐತಪ್ಪಣ್ಣ ಗೇಟು ತೆರೆದರು.

ನಲವತ್ತು ವರ್ಷ ಹಲ್ಲು ಕಿತ್ತ ಕೈ ನನ್ನದು.
ಅದೇ ಸಲಕರಣೆ, ಅದೇ ಕನ್ನಡಕ.
ಇಟ್ಟಿಗೆ ಕೆರೆಯುತ್ತ ಕೆರೆಯುತ್ತ
“ಸ್ವಲ್ಪ ಬಾಯಿ ತೆರೆಯಿರಿ” ಅಂದುಬಿಟ್ಟೆ ಗೋಡೆಗೆ.

ತಾಯಿಬೇರು ಬರಲಿಲ್ಲ. ಕತ್ತರಿಸಿದೆ.
ಹಂಚಿನ ಕೆಂಪು ಪುಡಿಗೆ ತೊಟ್ಟಿಕ್ಕಿತು ಹಾಲು.

ಈಗ ಟೆರೇಸಿನಲ್ಲಿ, ಬಸಳೆ ಚಪ್ಪರದ ನೆರಳಲ್ಲಿ,
ಎಲೆಯೆಲ್ಲ ಉದುರಿಸಿ ಚಟ್ಟಿಯೊಳಗೆ ಮುನಿಸಿಕೊಂಡು ಕೂತಿದೆ.
“ಬದುಕೀತಾ?” ಕೇಳುತ್ತಾಳೆ ಗ್ಲಾಡಿಸ್.
ಉಗುರಿಂದ ತೊಗಟೆ ತುಸು ಕೀಸಿ ನೋಡುತ್ತೇನೆ;
ಹಸಿರು ಇದೆಯೆಂದರೆ ಇದೆ.

ನಿನ್ನೆ ಬೋಳೂರಿನಿಂದ ಐತಪ್ಪಣ್ಣನ ಫೋನು:
“ನಿಮ್ಮ ಗೋಳಿ ಇಲ್ಲಿ ಚಿಗುರಿದೆ ಡಾಕ್ಟ್ರೇ,
ನಾಲ್ಕೆಲೆ.”
ನೀರಿನ ಚೊಂಬು ಹಿಡಿದು
ಬೋಳು ಚಟ್ಟಿಯೆದುರು ಕೂತಿದ್ದೆ.