ಬರಿ

ಮಣಿಪಾಲ. ನೆಲಮಾಳಿಗೆಯ ಕೋಣೆ, ಎ.ಸಿ. ಹದಿನೆಂಟರಲ್ಲಿ.
ವಜ್ರದಲಗು ಹೆರೆದ ಚೂರು ನೀರ ಮೇಲೆ ತೇಲುತ್ತದೆ,
ಬಂಗುಡೆಯ ಹೊಟ್ಟೆಯ ಬೆಳ್ಳಿ.
ಕಡ್ಡಿಗೆ ಅಂಟಿಸಿದ ಒಂದು ರೆಪ್ಪೆಗೂದಲಿನಿಂದ
ಅದನ್ನು ತಾಮ್ರದ ಜಾಲರಿಗೆ ಸವರಿ ತರುವುದು ನನ್ನ ಕಸುಬು.
ಇಪ್ಪತ್ತೆರಡು ವರ್ಷ. ಉಸಿರು ಬಿಗಿಹಿಡಿದೇ.

ತಮ್ಮಲೆ, ಅಮ್ಮನ ಅಣ್ಣ ಐತಪ್ಪ ಪೂಜಾರಿ,
ಕಟಪಾಡಿಯಲ್ಲಿ ಮರ ಹತ್ತುತ್ತಿದ್ದವರು,
ದಿನಕ್ಕೆ ಮೂರು ಸಲ ಹೊಂಬಾಳೆಯ ತುದಿಯನ್ನು ಹೀಗೇ ಹೆರೆಯುತ್ತಿದ್ದರು.
'ಕೂದಲಷ್ಟು ಹೆಚ್ಚಾದರೂ ಮರ ಮುನಿಯುತ್ತದೆ ಮಾರಾಯ.'
ಮಡಕೆಯ ಒಳಗೆ ಸುಣ್ಣ ಬಳಿದರೆ ಸಿಹಿ.
ಮರೆತರೆ ಮಧ್ಯಾಹ್ನದೊಳಗೆ ನೊರೆ, ಗುಳುಗುಳು, ಇರುವೆ, ಜನ.

ಪರದೆಯಲ್ಲಿ ಮೂಡುತ್ತದೆ ಮೈಟೋಕಾಂಡ್ರಿಯ.
ಮೈಟೋ ಅಂದರೆ ಗ್ರೀಕರ ಬಾಯಲ್ಲಿ ನೂಲು.
ಒಳಗೆ ಮಡಿಕೆ ಮಡಿಕೆ, ನೆರಿಗೆ ಹಿಡಿದ ಸೀರೆ;
ಆ ನೆರಿಗೆಗಳಲ್ಲಿ ಉಸಿರು ಉರಿಯಾಗುತ್ತದೆ.
ನೂರು ಕೋಟಿ ವರ್ಷಕ್ಕೂ ಹಿಂದೆ ಯಾರದೋ ಕೋಶಕ್ಕೆ
ಒಕ್ಕಲಾಗಿ ಬಂದ ಜೀವಾಣು. ಗೇಣಿ ಕೊಡುತ್ತ ಉಳಿಯಿತು.
ತನ್ನದೇ ಒಂದು ತುಂಡು ಪಟ್ಟೆಯ ಕಾಗದವನ್ನು
ಇಂದಿಗೂ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇದೆ.

ಮಾದರಿ ನಾಲ್ಕುನೂರ ಹದಿನೇಳು. ಹೆಸರಿಲ್ಲ,
ಕೇಳುವಂತಿಲ್ಲ. ಹೆಣ್ಣು, ಐವತ್ತೊಂದು, ಎಡ ಸ್ತನ.
ಜಲಜಕ್ಕನ ಆಪರೇಷನ್ ಆದದ್ದು ಮಂಗಳವಾರ.
ನಾನು ಲೆಕ್ಕ ಹಾಕಲಿಲ್ಲ.
ಹಾಕಿದೆ.

ಕೆಲವದರ ನೆರಿಗೆ ಕಳಚಿದೆ; ಕೆಲವು ಊದಿ ಬುರುಡೆಯಾಗಿವೆ.
ಗಾಳಿ ಬೇಕಷ್ಟಿದ್ದರೂ ಈ ಕೋಶಗಳು
ಸುಣ್ಣ ಬಳಿಯದ ಮಡಕೆಯಂತೆ ಸಕ್ಕರೆಯನ್ನು ಹುಳಿಸುತ್ತವೆ.
ಒಲೆ ಕೆಟ್ಟಿದೆ, ಅದಕ್ಕೇ ಹೀಗೆ ಎಂದು ಹಿಂದಿನವರು ನಂಬಿದ್ದರು.
ನಮ್ಮ ಶೆಣೈ ಮೇಡಂ ಒಪ್ಪುವುದಿಲ್ಲ:
ಕೆಟ್ಟದ್ದು ಕೆಲವೇ. ಹೆಚ್ಚಿನವು ಉರಿಯುತ್ತಲೇ ಇವೆ,
ಯಜಮಾನ ಬದಲಾಗಿದ್ದಾನೆ ಅಷ್ಟೆ.
ಬೂದಿಯಾಗಬೇಕಾದ್ದನ್ನು ಇಟ್ಟಿಗೆ ಮಾಡಿ ಕೊಡುತ್ತವೆ,
ಗೋಡೆಯ ಮೇಲೆ ಗೋಡೆ, ಪಂಚಾಯತಿಗೆ ತಿಳಿಸದ ಮಾಳಿಗೆ.
ದಾರಿ ತಪ್ಪಿದ ಕೋಶಕ್ಕೆ 'ಸಾಕು, ಇಳಿ' ಎಂದು
ಹೇಳುವ ಕೆಲಸವೂ ಇವುಗಳದ್ದೇ ಆಗಿತ್ತು.
ಬಾಯಿಗೆ ಯಾರೋ ಅರಿವೆ ತುರುಕಿದ್ದಾರೆ.

ನನಗೂ ಅಕ್ಕನಿಗೂ ಒಂದೇ ಬರಿ.
ತುಳುವಿನಲ್ಲಿ ಬರಿ ಅಂದರೆ ತಾಯಿಯಿಂದ ಇಳಿಯುವ ಬಳಿ,
ಕನ್ನಡದಲ್ಲಿ ಏನೂ ಇಲ್ಲದ್ದು.
ಅವಳದ್ದು ಧನ್ಯಶ್ರೀಗೆ ದಾಟಿದೆ. ನನ್ನದು ನನ್ನಲ್ಲೇ ಮುಗಿಯುತ್ತದೆ,
ನನ್ನ ಮಗ ಅವನಮ್ಮನ ಬರಿಯವನು.
ಕೋಶದೊಳಗೂ ಅಳಿಯಕಟ್ಟೇ: ಗಂಡಿನ ಕಡೆಯಿಂದ ಬಂದವು
ಹೊಸ್ತಿಲು ದಾಟುತ್ತಲೇ ಅಳಿಯುತ್ತವೆ,
ತಾಯಿಯವು ಮನೆ ನಡೆಸುತ್ತವೆ.
ಪರದೆಯ ಮೇಲಿರುವುದು ಅಕ್ಕನದಾದರೆ
ನನ್ನದೂ. ಅಮ್ಮನದು. ಅಜ್ಜಿ ದೂಮಕ್ಕನದು,
ಫೋಟೋ ಕೂಡ ಇಲ್ಲದ ಅವಳ ತಾಯಿಯದು.
ಚಿತ್ರ ತೆಗೆದು, ಸಂಖ್ಯೆ ಬರೆದು, ಕಂಪ್ಯೂಟರಿಗೆ ಹಾಕಿದೆ.

ಸೋಣ ಬಂತು. ನಾಲ್ಕನೇ ಕಿಮೋ ಮುಗಿದು
ಅಕ್ಕ ಜಗಲಿಯಲ್ಲಿ, ತಲೆಗೆ ಹಳೇ ಶಾಲು.
'ಅಮ್ಮನಿಂದ ಬಂದದ್ದಾ ಇದು? ಧನ್ಯಳಿಗೆ?'
ಅಲ್ಲವಂತೆ, ಟೆಸ್ಟಿನಲ್ಲಿ ಇಲ್ಲ, ಎಂದೆ.
ನಂಬಿದವಳಂತೆ ಮಾಡಿದಳು.
'ಮತ್ತೆ ನಿನ್ನ ಆ ಮೆಷಿನಿನಲ್ಲಿ ಏನು ಕಾಣುತ್ತದೆ?'
ಒಲೆಗಳು, ಎಂದೆ. ನಕ್ಕಳು.
'ಅಡುಗೆಮನೆಗೆ ಬಾ, ಪುಕ್ಕಟೆ ಕಾಣಬಹುದು.'

ಅವಳ ಬೆರಳ ತುದಿಗಳು ಮರಗಟ್ಟಿವೆ.
ಯಾವ ಒಲೆ ಯಾರದೆಂದು ಮದ್ದಿಗೂ ಸರಿಯಾಗಿ ತಿಳಿಯದು,
ಬೆರಳ ನರದೊಳಗಿನವೂ ಸುಟ್ಟಿವೆ.
ಮೂವತ್ತು ವರ್ಷ ಊರಿನ ರವಕೆಗಳನ್ನೆಲ್ಲ ಹೊಲಿದವಳು
ಸೂಜಿಯನ್ನು ನನ್ನ ಕಡೆ ಚಾಚುತ್ತಾಳೆ:
'ಇದಕ್ಕೊಂದು ನೂಲು ಹಾಕಿ ಕೊಡು.'

ಎಂಜಲು ಹಚ್ಚಿ, ತುದಿ ಚೂಪು ಮಾಡಿ,
ಬೆಳಕಿನ ಕಡೆ ತಿರುಗಿ
ಉಸಿರು ಬಿಗಿಹಿಡಿದೆ.

ಎರಡನೇ ಸಲಕ್ಕೆ ಹೋಯಿತು.